ಕಾರು ನಮ್ಮದು, ರಸ್ತೆ?

ಹಳೆಯ ಕಾರನ್ನು ಕೈಯಾರೆ ಮಾರ್ಪಡಿಸಿಕೊಳ್ಳುವವನ ಸ್ವಾತಂತ್ರ್ಯ ಎಲ್ಲಿಯವರೆಗೆ? ಚೆನ್ನೈಗೆ ಬಂದು ನೆಲಸಿದ ನಮ್ಮಂಥ ಗುಮಾಸ್ತರಿಗೆ ಇದು ಬರಿಯ ತರ್ಕವಲ್ಲ. ಮಾವನವರಿಂದ ಬಂದ ಪ್ರೀಮಿಯರ್ ಪದ್ಮಿನಿಗೆಂದು ಪುದುಪೇಟೆಯ ಗಲ್ಲಿಗಳಲ್ಲಿ ಅಲೆದು, ಬೇರೆ ಕಾರಿನ ಆಸನ, ಸೀಟ್ ಬೆಲ್ಟು ತಂದು ಕೂಡಿಸಿದೆವು. (ಅಲ್ಲಿ ಬಿಡಿಭಾಗಗಳಿಗೆ ಬರವಿಲ್ಲ, ತಾಳ್ಮೆಯನ್ನು ಮಾತ್ರ ನಾವೇ ಒಯ್ಯಬೇಕು.) ಬೆಲ್ಟು ಮಕ್ಕಳಿಗೆ ರಕ್ಷೆ. ಅದರಲ್ಲಿ ತಪ್ಪೇನು?

ತೊಡಕಾದದ್ದು ದೀಪದಿಂದ. ಮಂಕು ದೀಪ ತೆಗೆದು 100 ವಾಟಿನ ಹ್ಯಾಲೊಜನ್ ಹಾಕಿದೆವು. 12 ವೋಲ್ಟಿನಲ್ಲಿ ಒಂದೊಂದೂ 8 ಆಂಪಿಯರಿಗೆ ಮೀರಿ ಎಳೆಯುತ್ತದೆ. ಫ್ಯೂಸು ಮತ್ತೆ ಮತ್ತೆ ಹೋಯಿತು. ಬೇಸತ್ತು ಅಲ್ಲಿ ದಪ್ಪ ತಾಮ್ರದ ತಂತಿ ಸುತ್ತಿಬಿಟ್ಟೆವು. ವಿದ್ಯುತ್ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯೆಂದು ಬಿ.ಎಸ್‌ಸಿ.ಯಲ್ಲಿ ಬರೆದು ಅಂಕ ಪಡೆದವರು ನಾವೇ!

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳನ್ನು ಬದಲಿಸುವುದಕ್ಕೆ ಕಡಿವಾಣ ಹಾಕಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ನಮ್ಮನ್ನು ಕಾಡಿದ್ದು ಕಾನೂನಲ್ಲ. ಒಂದು ರಾತ್ರಿ ಎದುರಿಗೆ ಬಂದ ಸೈಕಲ್ಲಿನವನು ಕಣ್ಣು ಕೋರೈಸಿ ಮಣ್ಣಿಗುರುಳಿದ. ಕಾರು ನಮ್ಮದು, ಅವನ ಕಣ್ಣು ನಮ್ಮದೆ? ಮರುದಿನವೇ ದೀಪ ಬದಲಿಸಿದೆವು. ತಂತಿ ಮರೆತೇ ಹೋಯಿತು.

ಅದು ನೆನಪಾದದ್ದು ಕಾರು ಮಾರುವ ದಿನ. ಕೊಳ್ಳಲು ಬಂದವರು ಆಸನ ಮೆಚ್ಚಿದರು, ಫ್ಯೂಸ್ ಪೆಟ್ಟಿಗೆ ತೆರೆಯಲಿಲ್ಲ. ಒಳಗಿನ ತಂತಿಗಳ ಹೊದಿಕೆ ಬೆಂದು ಬಿರುಕು ಬಿಟ್ಟಿತ್ತು. ಬರಿಯ ಫ್ಯೂಸು ಬದಲಿಸಿದರೆ ತೀರುವಂತಿರಲಿಲ್ಲ. ಕಾಣುವ ಮಾರ್ಪಾಟು ಅಭಿರುಚಿಯ ಮಾತು. ಕೊಳ್ಳುವವರು ನೋಡಿ ಬೇಡವೆನ್ನಬಹುದು. ಕಾಣದ್ದಕ್ಕೆ ಅವರು ಹೇಗೆ ಬೇಡವೆಂದಾರು? ಅವರಿಗೂ ಇಬ್ಬರು ಮಕ್ಕಳು.

ಹೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, ಎರಡು ಸಾವಿರ ಇಳಿಸಿದರು.