ಪೌಂಡ್ ಗುರುತಿನ ಕನ್ನಡ

(ಶಿವನಿ. ರೈಲ್ವೆ ಸ್ಟೇಷನ್ ಕಡೆಗಿನ ಒಂದು ಮನೆಯ ಜಗಲಿ. ನಿವೃತ್ತ ಮೇಷ್ಟ್ರು 2003ರಲ್ಲಿ ಊರಿನ ಹೊಲ, ಕಟ್ಟೆ, ತೂಬುಗಳ ಹೆಸರನ್ನೆಲ್ಲ ಟೈಪ್ ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದರು. ಶಂಕರಘಟ್ಟದಲ್ಲಿ ಗ್ರಂಥಾಲಯ ವಿಜ್ಞಾನ ಓದುವ ಮೊಮ್ಮಗಳು ಆ ಫೈಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿದ್ದಾಳೆ.)

ಮೇಷ್ಟ್ರು: ಇದೇನವ್ವ ಇದು? ನಾನು ಬರೆಸಿದ್ದು ಕನ್ನಡ.

ಮೊಮ್ಮಗಳು: ಕನ್ನಡವೇ ಅಜ್ಜ. ಇಲ್ನೋಡು, ‘ಕನ್ನಡ’ ಅಂತಲೇ ಇದೆ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರೋ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರದೊಂದು ಅಕ್ಷರ, ಸಣ್ಣ ಕ್ಯೂ, ಇನ್ನೊಂದು ಗೀಟಿನ ಎ.

ಮೇಷ್ಟ್ರು: ವೈರಸ್ ಹೊಡೆದಿರಬೇಕು.

ಮೊಮ್ಮಗಳು: ಒಂದಕ್ಷರವೂ ಕೆಟ್ಟಿಲ್ಲ. ನೀನು ಟೈಪ್ ಮಾಡಿಸಿದ್ದು ನುಡಿ ಫಾಂಟಲ್ಲಿ, ಅದು ನನ್ನ ಹತ್ರ ಇಲ್ಲ ಅಷ್ಟೆ. ಆಗಿನ ಫಾಂಟಿಗೆ ಇದ್ದದ್ದೇ 256 ಮನೆ. ಕಾಗುಣಿತ, ಒತ್ತಕ್ಷರ ಎಲ್ಲ ಅದರಲ್ಲಿ ಹಿಡಿಯುತ್ತಾ? ಅದಕ್ಕೇ ಅಕ್ಷರವನ್ನ ತುಂಡು ಮಾಡಿ ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗೆ ಇಟ್ಟರು. ಪಿ ಮನೇಲಿ ಇರೋದು ತಲೆಕಟ್ಟಿಲ್ಲದ ಕ. ಆ ಗೀಟಿನ ಎ ಇದೆಯಲ್ಲ, ಅದೇ ತಲೆಕಟ್ಟು.

ಮೇಷ್ಟ್ರು: (ನಗುತ್ತಾ) ತಲೆಕಟ್ಟು ಹಾಕಲಿಲ್ಲ ಅಂತ ಎಷ್ಟು ಹುಡುಗರ ಕಿವಿ ಹಿಂಡಿದ್ದೀನೋ! ಸರಿ, ಇದು ಯಾವ ಜಾತಿ ಫೈಲು ಅಂತ ಬರೆದಿಡೋರು ಯಾರೂ ಇಲ್ವಾ?

ಮೊಮ್ಮಗಳು: ಇದ್ದಾರೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದವರದು ಪ್ರೋನಮ್ ಅಂತ ಒಂದು ಪಟ್ಟಿ ಇದೆ, 2002ರಿಂದ. ಯಾವ ಫೈಲಿನ ಮೊದಲ ಬೈಟುಗಳು ಹೇಗಿರ್ತವೆ, ಯಾವ ತಂತ್ರಾಂಶದ್ದು, ಎಲ್ಲ ಅಲ್ಲಿದೆ. ನಿನ್ನ ಫೈಲು ಶುರುವಾಗೋದು ಡಿ ಸೊನ್ನೆ, ಸಿ ಎಫ್, ಒಂದು ಒಂದು, ಇ ಸೊನ್ನೆ ಅಂತ. ಕಣ್ಣು ಕಿರಿದು ಮಾಡಿ ಓದಿದರೆ ‘ಡಾಕ್‌ಫೈಲ್’. ಬರೆದವರ ಚೇಷ್ಟೆ. ಪಟ್ಟಿಯಲ್ಲಿ ಇದರ ಸಂಖ್ಯೆ 40. ವರ್ಡ್, 97ರಿಂದ 2003.

ಮೇಷ್ಟ್ರು: ಮತ್ತೆ ಗುರುತು ಸಿಕ್ಕಿತಲ್ಲ.

ಮೊಮ್ಮಗಳು: ಡಬ್ಬಿಯ ಗುರುತು ಸಿಕ್ಕಿತು. ಒಳಗಿರೋದು ಹೆಸರುಕಾಳೋ ಹುರುಳಿಯೋ ಚೀಟಿ ಹೇಳಲ್ಲ. ಕನ್ನಡ ಅನ್ನೋಕೆ ಈ ಫೈಲಲ್ಲಿ ಇರೋ ಸಾಕ್ಷಿ ಒಂದೇ, ನುಡಿ ಅನ್ನೋ ಫಾಂಟಿನ ಹೆಸರು. ಬರೀ ಪಠ್ಯ ಮಾಡಿ ಉಳಿಸಿದರೆ ಅದೂ ಹೋಯ್ತು.

ಮೇಷ್ಟ್ರು: ಹಾಗಾದ್ರೆ ನನ್ನ ಕನ್ನಡ ಎಲ್ಲಿದೆ? ಫೈಲಲ್ಲೋ, ಫಾಂಟಲ್ಲೋ?

ಮೊಮ್ಮಗಳು: ಎರಡರ ನಡುವಿನ ಕರಾರಲ್ಲಿ.

ಮೇಷ್ಟ್ರು: ಒಪ್ಪಲ್ಲ. ಓದೋನ ತಲೇಲಿ ಇರುತ್ತೆ. ಮೊಳಕಾಲ್ಮೂರು ಕಡೆ ಬ್ರಹ್ಮಗಿರೀಲಿ ಅಶೋಕನ ಶಾಸನದ ಬಂಡೆ ಎರಡು ಸಾವಿರ ವರ್ಷ ಬಿಸಿಲಲ್ಲಿ ಬಿದ್ದಿತ್ತು. ಕುರಿ ಕಾಯೋರು ಅದರ ಮೇಲೆ ಕೂತು ಬುತ್ತಿ ಉಂಡಿರ್ತಾರೆ. ಅಕ್ಷರ ಇತ್ತು, ಓದೋನಿರಲಿಲ್ಲ. 1892ರಲ್ಲಿ ಶಾಸನ ಹುಡುಕುತ್ತಿದ್ದ ರೈಸ್ ಸಾಹೇಬರಿಗೆ ಅದು ಸಿಕ್ಕಾಗ ಓದೋಕಾಯ್ತು. ಯಾಕೆ? 1837ರಲ್ಲೇ ಪ್ರಿನ್ಸೆಪ್ ಅನ್ನೋನು ಆ ಬ್ರಾಹ್ಮಿ ಲಿಪಿಯನ್ನ ಬಿಡಿಸಿಟ್ಟಿದ್ದ.

ಮೊಮ್ಮಗಳು: ನೀನು ಹೇಳ್ತಿರೋದೂ ಅದೇ. ಬರೀ ತಲೇಲಿ ಇಟ್ಟುಕೊಂಡಿದ್ದಕ್ಕೇ ಬ್ರಾಹ್ಮಿ ಮರೆತುಹೋಗಿದ್ದು. ಸಾಂಚಿಯ ಬರಹಗಳ ಕೊನೇಲಿ ಮತ್ತೆ ಮತ್ತೆ ಬರೋ ಪದ ‘ದಾನಂ’ ಇರಬಹುದು ಅಂತ ಆ ಮಹರಾಯ ಊಹೆ ಮಾಡಬೇಕಾಯ್ತು. ಯಾರಾದರೂ ಮೂಲೇಲಿ ಒಂದು ವರ್ಣಮಾಲೆ ಕೆತ್ತಿಟ್ಟಿದ್ದರೆ?

ಮೇಷ್ಟ್ರು: ಮರೆತುಹೋಗುತ್ತೆ ಅಂತ ಬರೆಯೋನಿಗೆ ಅನ್ನಿಸೋದೇ ಇಲ್ಲ ಕಣವ್ವ. ನನಗೆ ಅನ್ನಿಸಿತ್ತಾ? ಅಷ್ಟಕ್ಕೂ ಇದನ್ನ ಯೂನಿಕೋಡಿಗೆ ತಿರುಗಿಸಿ ಹಳೇದನ್ನ ಬಿಸಾಕಿದರೆ ಮುಗೀತಲ್ಲ.

ಮೊಮ್ಮಗಳು: ನಿನ್ನೆ ರಾತ್ರಿ ತಿರುಗಿಸಿದೆ. ನಾನೇ ಬರೆದ ಪ್ರೋಗ್ರಾಮು, ಯಾವ ಮನೇಲಿ ಯಾವ ಅಕ್ಷರ ಅನ್ನೋ ಕೋಷ್ಟಕ ಇಟ್ಟುಕೊಂಡು. ಈ ಸಾಲು ಓದು.

ಮೇಷ್ಟ್ರು: ‘ಕೆರೆ ಹಿಂದಿನ ಕಲರ್ ಹೊಲ’. ಕಲರ್ರೇ? ನಮ್ಮೂರಲ್ಲಿ ಯಾವುದವ್ವ... ಅಯ್ಯೋ, ಕರ್ಲ ಹೊಲ! ಉಪ್ಪು ಮೇಲೆದ್ದು ಬೆಳ್ಳಗಾಗಿರುತ್ತೆ, ರಾಗಿ ಬಿತ್ತಿದರೂ ಮೊಳೆಯಲ್ಲ.

ಮೊಮ್ಮಗಳು: ನುಡಿಯಲ್ಲಿ ಅರ್ಕಾವತ್ತು ಕೂರೋದು ಕಣ್ಣಿಗೆ ಕಾಣೋ ಕ್ರಮದಲ್ಲಿ, ಲ ಆದಮೇಲೆ. ಯೂನಿಕೋಡಲ್ಲಿ ಬಾಯಿಗೆ ಬರೋ ಕ್ರಮ, ಮೊದಲು ರ್, ಆಮೇಲೆ ಲ. ಅದನ್ನ ಹಿಂದೆ ಎಳೆಯೋದು ನಾನು ಮರೆತೆ. ಕರ್ಲ ಹೋಗಿ ಕಲರ್ ಆಯ್ತು. ಅಂಥವು ಇನ್ನೆಷ್ಟಿವೆಯೋ. ಹಳೇ ಫೈಲು ಬಿಸಾಕಿದ್ದಿದ್ದರೆ?

ಮೇಷ್ಟ್ರು: ಶಿವನಿಯಲ್ಲಿ ಹೋಳಿ ಆಡೋಕೆ ಅಂತಲೇ ಒಂದು ಹೊಲ ಇತ್ತು ಅಂತ ಯಾವನಾದರೂ ಪಿಎಚ್.ಡಿ. ಮಾಡ್ತಿದ್ದ.

ಮೊಮ್ಮಗಳು: ಮಾಡಲಿ ಬಿಡು, ಪಾಪ.

ಮೇಷ್ಟ್ರು: ಆದರೂ ಒಂದು ಮಾತು. ನಿನ್ನ ಕೋಷ್ಟಕ ಎಷ್ಟೇ ಸರಿಯಿರಲಿ, ‘ಕಲರ್’ ತಪ್ಪು ಅಂತ ಹಿಡಿದದ್ದು ಕೋಷ್ಟಕವಲ್ಲ, ಆ ನೆಲ ಉತ್ತವನ ಮಗ.

ಮೊಮ್ಮಗಳು: ತಪ್ಪು ಅಂತ ನಿನಗೆ ಗೊತ್ತಾಯ್ತು. ಯಾಕೆ ತಪ್ಪಾಯ್ತು ಅಂತ?

(ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೂಡಿನಿಂದ ಗೆರೆ ಹಾಕಿದ ನೋಟ್‌ಬುಕ್ಕು ತೆಗೆದು ಎರಡು ಕಲಂ ಎಳೆಯುತ್ತಾರೆ.)

ಮೇಷ್ಟ್ರು: ಹೇಳು. ಪಿ, ತಲೆಕಟ್ಟಿಲ್ಲದ ಕ. ಆ ಎ ಮೇಲಿನ ಗೀಟು ಎಡಕ್ಕೆ ವಾಲಿದ್ದೋ, ಬಲಕ್ಕೋ?

ಮೊಮ್ಮಗಳು: ಎಡಕ್ಕೆ. ಬಲಕ್ಕೆ ವಾಲಿಸಿದರೆ ‘ಕಾ’ ಆಗುತ್ತೆ.