ಎಡೆ ತಪ್ಪಿದ ಕಾವಲು

ಮೇಷ್ಟ್ರು: ಸುಮತಿ, ಸೆಪ್ಸಿಸ್ ಅಂದರೆ ಏನು ಎಂದು ನಿಮ್ಮ ವೈದ್ಯರು 2016ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಲ್ಲಿ ಒಂದು ಮಾತು ನನ್ನನ್ನು ಕಾಡುತ್ತಿದೆ. ಸೋಂಕಿಗೆ ದೇಹ ಕೊಡುವ ಉತ್ತರ ಹದ ತಪ್ಪಿ, ಅಂಗಾಂಗಗಳು ಕೆಟ್ಟು, ಜೀವಕ್ಕೇ ಕುತ್ತು ಬರುವುದು ಸೆಪ್ಸಿಸ್ ಅನ್ನುತ್ತೀರಿ. ಹದ ತಪ್ಪಿತು ಎನ್ನಬೇಕಾದರೆ ಹದ ಯಾವುದೆಂದು ಮೊದಲು ಗೊತ್ತಿರಬೇಡವೆ? ಬದುಕಿದವನದು ಹದವಾದ ಉತ್ತರ, ಸತ್ತವನದು ಹದ ತಪ್ಪಿದ್ದು ಎಂದರೆ ಫಲವನ್ನು ನೋಡಿಕೊಂಡು ಕಾರಣಕ್ಕೆ ಹೆಸರಿಟ್ಟ ಹಾಗಾಯಿತು.

ಸುಮತಿ: ನ್ಯಾಯವಾದ ಆಕ್ಷೇಪವೇ ಮೇಷ್ಟ್ರೇ. ಹದ ಅಂದ ಕೂಡಲೇ ನಮ್ಮ ಮನಸ್ಸು ಅಳತೆಯ ಕಡೆ ಹೋಗುತ್ತದೆ. ಉರಿಯೂತ ಅತಿಯಾಯಿತು, ಹೆಪ್ಪು ಅತಿಯಾಯಿತು ಅನ್ನುತ್ತೇವೆ. ಕೆಟ್ಟದ್ದು ಅಳತೆಗಿಂತ ಹೆಚ್ಚಾಗಿ ಎಡೆ ಎಂಬುದು ನನ್ನ ವಾದ. ಕುದುರೆಲಾಳದ ಆಕಾರದ ಕಡಲೇಡಿಯನ್ನು ನೋಡಿ. ಒಡಿಶಾ ಕರಾವಳಿಯಲ್ಲೂ ಅದರ ಬಳಗವಿದೆ. ರೋಗಾಣುವನ್ನು ಎದುರಿಸುವುದಕ್ಕೂ ರಕ್ತ ಹೆಪ್ಪುಗಟ್ಟಿಸುವುದಕ್ಕೂ ಅದಕ್ಕಿರುವುದು ಒಂದೇ ಬಗೆಯ ಕಣ. ಬ್ಯಾಕ್ಟೀರಿಯಾ ಹೊಕ್ಕರೆ ಅದರ ರಕ್ತವೇ ಗಟ್ಟಿಯಾಗುತ್ತದೆಂದು ಫ್ರೆಡರಿಕ್ ಬ್ಯಾಂಗ್ 1956ರಲ್ಲೇ ಬರೆದರು. ನಮ್ಮಲ್ಲಿ ಆ ಕೆಲಸ ಬಿಳಿ ರಕ್ತಕಣಕ್ಕೂ ಪ್ಲೇಟ್‌ಲೆಟ್‌ಗೂ ಪಾಲಾಗಿದೆ. ಆದರೆ ಮನೆ ಪಾಲಾದರೂ ಬಾವಿ ಒಂದೇ ಉಳಿದಿದೆ. ಸೋಂಕಿನ ಸುಳಿವು ಸಿಕ್ಕ ಬಿಳಿ ಕಣ ತನ್ನ ಮೈಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ತಂದುಕೊಂಡು ಹೆಪ್ಪಿಗೆ ಚಾಲನೆ ಕೊಡುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ ತನ್ನ ಡಿಎನ್‌ಎಯನ್ನೇ ಬಲೆಯಾಗಿ ಬೀಸುತ್ತದೆ. 2004ರಲ್ಲಿ ಬರ್ಲಿನ್ನಿನ ಸಂಶೋಧಕರು ಕಂಡದ್ದು ಇದನ್ನೇ. ಆ ಬಲೆಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುತ್ತವೆ. ಕಿರುನಾಳದಲ್ಲಿ ಹುಟ್ಟುವ ಅಂಥ ಹೆಪ್ಪು, ರೋಗಾಣು ಮುಂದೆ ಹರಿಯದಂತೆ ಕಟ್ಟಿದ ಒಡ್ಡು. ಅಲ್ಲೇ ನಿಂತರೆ ಅದು ಕಾವಲು. ಮೈತುಂಬ ಎದ್ದರೆ ಸಾವು.

ಮೇಷ್ಟ್ರು: ಮೈತುಂಬ ಎದ್ದಿತು ಅಂದರೆ ಹೆಚ್ಚಾಯಿತು ಅಂತಲೇ ತಾನೆ? ನೀನು ಎಡೆ ಅನ್ನುತ್ತಿರುವುದು ಅಳತೆಯದೇ ಇನ್ನೊಂದು ಹೆಸರು.

ಸುಮತಿ: ಹಾಗಿದ್ದರೆ ಎರಡು ಸಂಗತಿಗಳು ಬಿಡಿಸಲಾಗದ ಒಗಟಾಗಿ ಉಳಿಯುತ್ತವೆ. ಕೋವಿಡ್ ಬಂದಾಗ ಸೈಟೋಕೈನ್ ಬಿರುಗಾಳಿ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ರಕ್ತದಲ್ಲಿ ಐಎಲ್-6 ಎಂಬ ಸೈಟೋಕೈನನ್ನು ಅಳೆದು ನೋಡಿದರೆ, ತೀವ್ರ ಕೋವಿಡ್ ರೋಗಿಗಳಲ್ಲಿ ಅದು ಉಳಿದ ಸೆಪ್ಸಿಸ್ ರೋಗಿಗಳಿಗಿಂತ ಹಲವು ಪಟ್ಟು ಕಡಿಮೆಯಿತ್ತು. ಆದರೂ ಜನ ಸತ್ತರು. ಎರಡನೆಯದು, ಹೆಪ್ಪು ಮೈಯೆಲ್ಲ ಹರಡಿದ ರೋಗಿಗೆ ಸೂಜಿ ಚುಚ್ಚಿದ ಕಡೆ ರಕ್ತ ನಿಲ್ಲುವುದಿಲ್ಲ. ಪ್ಲೇಟ್‌ಲೆಟ್, ಫೈಬ್ರಿನೋಜೆನ್ ಎಂಬ ಹೆಪ್ಪಿನ ಪ್ರೋಟೀನ್ ಎಲ್ಲ ಬೇಡದ ಕಡೆ ಖರ್ಚಾಗಿ, ಬೇಕಾದ ಕಡೆಗೆ ಇಲ್ಲವಾಗಿರುತ್ತವೆ. ಒಂದೇ ದೇಹದಲ್ಲಿ, ಒಂದೇ ಗಂಟೆಯಲ್ಲಿ, ಹೆಪ್ಪು ಹೆಚ್ಚೂ ಹೌದು ಕಡಿಮೆಯೂ ಹೌದು. ಅಳತೆಯ ಭಾಷೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?

ಹೆಪ್ಪಿಗೆ ಗಡಿ ಹಾಕುವುದು ರಕ್ತನಾಳದ ಒಳಪದರ. ಆರೋಗ್ಯವಾದ ಒಳಪದರದ ಮೇಲೆ ಥ್ರಾಂಬೋಮಾಡ್ಯುಲಿನ್ ಎಂಬ ಪ್ರೋಟೀನ್ ಇರುತ್ತದೆ. ಹೆಪ್ಪುಗಟ್ಟಿಸುವ ಥ್ರಾಂಬಿನ್ ಗಾಯವನ್ನು ದಾಟಿ ಅಲ್ಲಿಗೆ ಬಂದರೆ ಅದರ ಗುಣವೇ ಬದಲಾಗುತ್ತದೆ: ಪ್ರೋಟೀನ್ ಸಿಯನ್ನು ಎಬ್ಬಿಸಿ ಹೆಪ್ಪನ್ನು ತಡೆಯುವ ಪಕ್ಷಕ್ಕೆ ಸೇರುತ್ತದೆ. ಗಾಯದಲ್ಲಿ ಗಟ್ಟಿಸುವುದೂ ಅದೇ, ಗಾಯದ ಅಂಚಿನಲ್ಲಿ ನಿಲ್ಲಿಸುವುದೂ ಅದೇ. ನನಗೆ ಇಡೀ ರಕ್ತಶಾಸ್ತ್ರದಲ್ಲಿ ಇದಕ್ಕಿಂತ ಬೆರಗಿನ ಸಂಗತಿ ಕಂಡಿಲ್ಲ. ಉರಿಯೂತ ಈ ಒಳಪದರವನ್ನು ಬೋಳಿಸಿದಾಗ ಗಡಿಗಲ್ಲು ಕಿತ್ತ ಹಾಗಾಗುತ್ತದೆ. 2020ರಲ್ಲಿ ಕೋವಿಡ್‌ನಿಂದ ಸತ್ತ 7 ಮಂದಿಯ ಶ್ವಾಸಕೋಶಗಳನ್ನು ಇನ್‌ಫ್ಲುಯೆಂಜಾದಿಂದ ಸತ್ತವರದ್ದರೊಡನೆ ಹೋಲಿಸಿದರು. ಗಾಳಿಗೂಡುಗಳ ಕಿರುನಾಳದ ಹೆಪ್ಪು ಕೋವಿಡ್‌ನಲ್ಲಿ 9 ಪಟ್ಟು ಹೆಚ್ಚಿತ್ತು, ಒಳಪದರದ ಕಣಗಳೂ ತೀವ್ರವಾಗಿ ಕೆಟ್ಟಿದ್ದವು.

ಮೇಷ್ಟ್ರು: ಹಾಗಾದರೆ ಕಳೆದುಹೋದ ಆ ತಡೆಯನ್ನು ಹೊರಗಿನಿಂದ ಕೊಟ್ಟರೆ ರೋಗಿ ಉಳಿಯಬೇಕು. ಉಳಿದನೇ?

ಸುಮತಿ: ಕೊಟ್ಟು ನೋಡಿದರು. ಎಚ್ಚೆತ್ತ ಪ್ರೋಟೀನ್ ಸಿಯನ್ನೇ ಔಷಧಿ ಮಾಡಿದರು. 2001ರ ಪ್ರಯೋಗದಲ್ಲಿ ಸಾವು 30.8%ರಿಂದ 24.7%ಕ್ಕೆ ಇಳಿದಾಗ ದೊಡ್ಡ ಆಸೆ ಹುಟ್ಟಿತು. 2011ರ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ, ಅದೇ ವರ್ಷ ಔಷಧಿಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಇದು ನನ್ನ ವಾದಕ್ಕೆ ಬಿದ್ದ ಪೆಟ್ಟು, ಅಲ್ಲಗಳೆಯುವುದಿಲ್ಲ. ಆದರೆ ಯೋಚಿಸಿ: ನಾಳಕ್ಕೆ ಹಾಕಿದ ಔಷಧಿ ಎಲ್ಲ ಕಡೆಗೂ ಹರಿಯುತ್ತದೆ. ಕಳೆದುಹೋದದ್ದು ಗಡಿ, ನಾವು ತುಂಬಿದ್ದು ಅಳತೆ. ಹೆಪ್ಪು ತಡೆಯುವ ಹೆಪಾರಿನ್ ಔಷಧಿಯ 2021ರ ಪ್ರಯೋಗಗಳೂ ಇದನ್ನೇ ಸೂಚಿಸುತ್ತವೆ ಎಂದು ನನಗೆ ತೋರುತ್ತದೆ. ಇನ್ನೂ ವಿಷಮಿಸದ ಕೋವಿಡ್ ರೋಗಿಗಳಲ್ಲಿ ಪೂರ್ಣ ಡೋಸ್ ಪಡೆದ 80.2% ಮಂದಿ ಯಂತ್ರದ ಆಸರೆಯಿಲ್ಲದೆ ಮನೆಗೆ ಹೋದರು. ಮಾಮೂಲು ಡೋಸ್ ಪಡೆದವರಲ್ಲಿ 76.4%. ಐಸಿಯು ಆರೈಕೆ ಬೇಕಾದಷ್ಟು ಕೆಟ್ಟವರಿಗೆ ಅದೇ ಹೆಪಾರಿನ್ನಿನಿಂದ ಲಾಭವಾಗಲಿಲ್ಲ. ಗಡಿ ಇನ್ನೂ ಉಳಿದಿರುವಾಗ ನೆರವಿಗೆ ಬಂದದ್ದು, ಅಳಿಸಿಹೋದ ಮೇಲೆ ಬರಲಿಲ್ಲ.

ಮೇಷ್ಟ್ರು: ಸ್ಟೀರಾಯ್ಡ್? ಅದು ಉರಿಯೂತದ ಅಳತೆಯನ್ನು ತಗ್ಗಿಸಿಯೇ ಜೀವ ಉಳಿಸಿತಲ್ಲ.

ಸುಮತಿ: ಉಳಿಸಿತು, ಆ ಮಟ್ಟಿಗೆ ಅಳತೆಯ ಮಾತೂ ನಿಲ್ಲುತ್ತದೆ. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರ ಸಾವು 41.4%ರಿಂದ 29.3%ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಅದರಿಂದ ಏನೂ ಗುಣವಾಗಲಿಲ್ಲ. ಔಷಧಿ ಯಾರಿಗೆ ಎಂದು ತೋರಿಸಿಕೊಟ್ಟದ್ದು ರಕ್ತದಲ್ಲಿನ ಯಾವ ಅಂಕಿಯೂ ಅಲ್ಲ. ಗಾಳಿಗೂಡಿನ ಗೋಡೆ ಸೋತು ಉಸಿರಿಗೆ ಆಸರೆ ಬೇಕಾಯಿತೇ ಎಂಬ ಪ್ರಶ್ನೆ.

ಮೇಷ್ಟ್ರು: ಸರಿ, ಎಡೆಯೇ ಮುಖ್ಯ ಎಂದಿಟ್ಟುಕೊಳ್ಳೋಣ. ಹಾಸಿಗೆಯ ಪಕ್ಕ ನಿಂತ ವೈದ್ಯನಿಗೆ ಅದು ಕಾಣುವುದು ಹೇಗೆ?

ಸುಮತಿ: ಅಲ್ಲೇ ನಮ್ಮ ಕೈ ಕಟ್ಟಿದೆ ಮೇಷ್ಟ್ರೇ. ಡಿ-ಡೈಮರ್ ನೋಡಿದರೆ ಮೈಯಲ್ಲೆಲ್ಲೋ ಹೆಪ್ಪು ಕಟ್ಟಿ ಕರಗುತ್ತಿದೆ ಎಂದು ತಿಳಿಯುತ್ತದೆ. ಎಲ್ಲಿ ಎಂದು ತಿಳಿಯುವುದಿಲ್ಲ. ತೋಳಿನಿಂದ ತೆಗೆದ ರಕ್ತ ಮೂತ್ರಪಿಂಡದ ಕಿರುನಾಳದ ಕಥೆ ಹೇಳಲಾರದು. ಅದಕ್ಕೇ ಬಹಳ ಹಳೆಯ ಒಂದು ಪರೀಕ್ಷೆಗೆ ಮತ್ತೆ ಬೆಲೆ ಬಂದಿದೆ. ತೋರುಬೆರಳ ತುದಿಯನ್ನು ಗಾಜಿನ ಪಟ್ಟಿಯಿಂದ 10 ಸೆಕೆಂಡು ಒತ್ತಿ ಬಿಡುವುದು, ಬಿಳಿಚಿದ ಚರ್ಮಕ್ಕೆ ಕೆಂಪು ಮರಳುವವರೆಗೆ ಎಣಿಸುವುದು. 3 ಸೆಕೆಂಡು ಮೀರಿದರೆ ಅಲ್ಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಎಂದರ್ಥ. ಅಡ್ಡಿ ಹೆಪ್ಪಿನದೋ ಇಳಿದ ಒತ್ತಡದ್ದೋ ಎಂದು ಅದು ಹೇಳುವುದಿಲ್ಲ. ಅದು ಹೇಳುವುದು ಆ ಬೆರಳಿನ ಸಂಗತಿ, ಆ ಗಳಿಗೆಯದು. ಗಂಟೆಗೊಮ್ಮೆ, ಅರ್ಧ ಗಂಟೆಗೊಮ್ಮೆ ಹೋಗಿ ಮತ್ತೆ ಒತ್ತಿ ಎಣಿಸಬೇಕು.