ಗೋಣಿಚೀಲದ ವಾಸನೆ

ಬೀದಿನಾಯಿಯನ್ನು ತಂದು ಕೆಲವು ವಾರ ಸಾಕಿ, ಆಮೇಲೆ ಬೇರೆ ಮನೆಗೆ ಕೊಟ್ಟುಬಿಟ್ಟರೆ ಅದು ದ್ರೋಹವಲ್ಲವೇ? ಮಲ್ಪೆಯ ಮಧ್ವರಾಜ್ ಅನಿಮಲ್ ಕೇರ್ ಟ್ರಸ್ಟಿನಂಥವರು ಕಾಪಾಡಿದ ನಾಯಿಗೂ ಕಾಯಂ ಮನೆ ಸಿಗುವ ತನಕ ಆಸರೆ ಬೇಕಲ್ಲ.

ನಾಯಿಯ ಕಡೆಯಿಂದ ನೋಡೋಣ. ಹೂಡೆಯ ಕಡಲತೀರದಲ್ಲಿ ಯಾರೋ ಬಿಟ್ಟುಹೋದ ಹೆಣ್ಣುಮರಿಗೆ ‘ತಾತ್ಕಾಲಿಕ’ ಎಂಬ ಮಾತು ತಿಳಿಯದು. ಅದಕ್ಕೆ ತಿಳಿದಿರುವುದು ಗಂಜಿಯಿಟ್ಟ ಕೈ, ಮಲಗುವ ಗೋಣಿಚೀಲ. ಆ ಕೈ ಕಾಣದಾದಾಗ ಅದು ಬಾಗಿಲು ಕಾಯುತ್ತದೆ, ಊಟ ಬಿಡುತ್ತದೆ. ಈ ನೋವನ್ನು ನಾವು ಅಲ್ಲಗಳೆಯಬಾರದು.

ಪ್ರಾಣಿಹಿಂಸೆ ಮನುಷ್ಯರ ಮೇಲಿನ ಕ್ರೌರ್ಯಕ್ಕೆ ದಾರಿಯಾದೀತೆಂದು ಸಂತ ಥಾಮಸ್ ಅಕ್ವಿನಾಸರು ಎಚ್ಚರಿಸಿದರು. ನನಗದು ಸಾಲದು, ನೋಯುವುದು ನಾಯಿಯೇ ತಾನೆ? ಆದರೂ, ಕಲ್ಲೆಸೆಯದ ಕೈಯೂ ಉಂಟೆಂದು ಒಮ್ಮೆ ಕಲಿತ ಮರಿ ಹೊಸಬರ ಕೈಯನ್ನೂ ಮೂಸಲು ಬರುತ್ತದೆ. ಹಾಗಾಗಿ ಕೊಡುವುದು ದ್ರೋಹವಲ್ಲ. ಕೊಡುವಾಗ ಆ ಗೋಣಿಚೀಲವನ್ನೂ ತೊಳೆಯದೆ ಕೊಡಿ.